ಪಿಎಚ್ ಮೀಟರಿಗೆ ಎಲ್‌ಎಂ358 ಸಲ್ಲದು

ಮಾನ್ಯರೇ,

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಡಿಮೆ ಖರ್ಚಿನಲ್ಲಿ ಮಾಡಿದ ಉಪಕರಣಗಳ ಸುದ್ದಿ ತಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತದೆ. ಕೊಳವೆಬಾವಿ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ತೋರಿಸುವ ಬ್ಯಾಟರಿ ಮೀಟರ್, ಮಣ್ಣು ಪರೀಕ್ಷೆಯ ಪೆಟ್ಟಿಗೆ, ಇಸಿಜಿ ಬೋರ್ಡ್ ಎಲ್ಲವೂ ಪ್ರದರ್ಶನದ ಮೇಜಿನ ಮೇಲೆ ಸರಿಯಾಗಿಯೇ ನಡೆಯುತ್ತವೆ. ಹೊಲಕ್ಕೋ ಬಾವಿಕಟ್ಟೆಗೋ ಹೋದ ಮೇಲೆ ಅಂಕಿ ಅಲ್ಲಾಡತೊಡಗುತ್ತದೆ. ಆಗ ಬೈಗುಳ ಬೀಳುವುದು ಸೆನ್ಸರಿಗೆ, ಇಲ್ಲವೇ ಪ್ರೋಗ್ರಾಂ ಬರೆದವರಿಗೆ. ಬಹಳ ಸಲ ತಪ್ಪಿರುವುದು ಸೆನ್ಸರಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಚಿಪ್, ಅಂದರೆ ಮೊದಲ ಆಪ್ ಆಂಪ್‌ನ ಇನ್‌ಪುಟ್ ಪಿನ್ನಿನಲ್ಲಿ. ಆ ಪಿನ್ ಒಳಗೆಳೆದುಕೊಳ್ಳುವ ಅಥವಾ ಹೊರಗೆ ತಳ್ಳುವ ಸಣ್ಣ ಕರೆಂಟಿಗೆ ಇನ್‌ಪುಟ್ ಬಯಾಸ್ ಕರೆಂಟ್ ಎನ್ನುತ್ತಾರೆ. ಅದನ್ನು ತಗ್ಗಿಸುವ ಬಗೆಯನ್ನು ನಮ್ಮ ಲ್ಯಾಬ್‌ಗಳು ಇನ್ನೂ 741 ಎಂಬ ಹಳೆಯ ಆಪ್ ಆಂಪ್‌ನ ಕಾಲದ ಸೂತ್ರದಲ್ಲೇ ಕಲಿಸುತ್ತಿವೆ, ಇವತ್ತಿನ ಚಿಪ್‌ಗಳಲ್ಲಿ ಆ ಸೂತ್ರ ಅನೇಕ ಕಡೆ ತಪ್ಪನ್ನು ಹೆಚ್ಚಿಸುತ್ತದೆ. ಈ ಪತ್ರ ಅದರ ಬಗ್ಗೆ.

ಪಿಎಚ್ ಮೀಟರನ್ನೇ ತೆಗೆದುಕೊಳ್ಳೋಣ. ಗಾಜಿನ ಎಲೆಕ್ಟ್ರೋಡ್ 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ 59 ಮಿಲಿವೋಲ್ಟ್ ಕೊಡುತ್ತದೆ. ಆದರೆ ಅದರ ಒಳರೋಧ ಸಾಮಾನ್ಯವಾಗಿ 100 ಮೆಗಾಓಮ್‌ನ ಆಸುಪಾಸು, ಕೆಲವದರಲ್ಲಿ ಅದರ ಎರಡು ಮೂರು ಪಟ್ಟು. ನೀರು ತಣ್ಣಗಿದ್ದರೆ ಇನ್ನೂ ಏರುತ್ತದೆ. ಎಲ್‌ಎಂ358 ಎಂಬ ಆಪ್ ಆಂಪ್‌ನ ಬಯಾಸ್ ಕರೆಂಟ್ ಸಾಮಾನ್ಯವಾಗಿ 45 ನ್ಯಾನೊಆಂಪಿಯರ್ (ನ್ಯಾನೊ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು). 100 ಮೆಗಾಓಮ್‌ನಲ್ಲಿ ಅದು ಹರಿದರೆ ನಾಲ್ಕೂವರೆ ವೋಲ್ಟ್ ಆಗಬೇಕು, 5 ವೋಲ್ಟಿನ ಸರ್ಕ್ಯೂಟಿನಲ್ಲಿ ಔಟ್‌ಪುಟ್ ಹೋಗಿ ಮೇಲಿನ ಅಂಚಿಗೆ ಬಡಿಯುತ್ತದೆ. ಇದು ಕಣ್ಣಿಗೆ ಕಾಣುವ ಸೋಲು, ಹಾಗಾಗಿ ಅಪಾಯವಿಲ್ಲ. ಅಪಾಯ ಇರುವುದು ಜೆಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್ ಇನ್‌ಪುಟ್ ಇರುವ ಟಿಎಲ್072 ಹಾಕಿದಾಗ. ಅದರ 65 ಪಿಕೊಆಂಪಿಯರ್ (ಪಿಕೊ ಎಂದರೆ ನ್ಯಾನೊದ ಸಾವಿರದಲ್ಲಿ ಒಂದು ಪಾಲು) ಮಾಡುವ ತಪ್ಪು ಆರೂವರೆ ಮಿಲಿವೋಲ್ಟ್, ಅಂದರೆ ಸುಮಾರು 0.11 ಪಿಎಚ್. ಪಿಎಚ್ 7 ಮತ್ತು 4ರ ಬಫರ್ ದ್ರಾವಣಗಳಲ್ಲಿ ಅದ್ದಿ ಕ್ಯಾಲಿಬ್ರೇಟ್ ಮಾಡಿದೊಡನೆ ಆ ತಪ್ಪು ಸೊನ್ನೆಯೊಳಗೆ ಸೇರಿ ಮಾಯವಾಗುತ್ತದೆ. ಎಲ್ಲರೂ ಮೀಟರ್ ಸರಿ ಇದೆ ಎಂದುಕೊಳ್ಳುತ್ತಾರೆ. ಜೆಫೆಟ್ ಇನ್‌ಪುಟ್ಟಿನ ಬಯಾಸ್ ಕರೆಂಟ್ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ಕ್ಯಾಲಿಬ್ರೇಟ್ ಆದ ಪೆಟ್ಟಿಗೆ ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ 55 ಡಿಗ್ರಿ ಮುಟ್ಟಿದರೆ 65 ಪಿಕೊಆಂಪಿಯರ್ ಎಂಟು ಪಟ್ಟಾಗಿ 520ಕ್ಕೆ ಏರುತ್ತದೆ. ತಪ್ಪು 52 ಮಿಲಿವೋಲ್ಟ್. ಕೋಣೆಯಲ್ಲಿ ಕಳೆದದ್ದನ್ನು ಬಿಟ್ಟರೂ ಮುಕ್ಕಾಲು ಪಿಎಚ್ ಉಳಿಯುತ್ತದೆ. ಬಾವಿಯ ನೀರು ಬದಲಾಗಿಲ್ಲ, ಪೆಟ್ಟಿಗೆ ಬಿಸಿಯಾಗಿದೆ ಅಷ್ಟೆ.

ಇಲ್ಲಿ ಸರಿಯಾದ ಆಯ್ಕೆ ಮಾಸ್‌ಫೆಟ್ (ಸಿಮಾಸ್ ಚಿಪ್‌ಗಳಲ್ಲಿರುವ, ಬಹುತೇಕ ಕರೆಂಟ್ ಎಳೆಯದ ಟ್ರಾನ್ಸಿಸ್ಟರ್) ಇನ್‌ಪುಟ್ ಇರುವ ಚಿಪ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳಬರೆಲ್ಲ ಕೇಳುವ ಸಿಎ3140 ಸುಮಾರು 10 ಪಿಕೊಆಂಪಿಯರ್‌ನದು, ಆದರೆ 4 ಮಿಲಿಆಂಪಿಯರ್ ನುಂಗುತ್ತದೆ, ಬ್ಯಾಟರಿಗೆ ಹೊರೆ. ಎಂಸಿಪಿ6002 ಒಂದು ಆಂಪ್ಲಿಫೈಯರಿಗೆ 100 ಮೈಕ್ರೊಆಂಪಿಯರ್ ಸಾಕೆನ್ನುತ್ತದೆ, ಬಯಾಸ್ ಸುಮಾರು 1 ಪಿಕೊಆಂಪಿಯರ್. ಎಲ್‌ಎಂಸಿ6062 ಇನ್ನೂ ಮುಂದೆ: ಒಂದಕ್ಕೆ 16 ಮೈಕ್ರೊಆಂಪಿಯರ್, ಬಯಾಸ್ ಸುಮಾರು 10 ಫೆಮ್ಟೊಆಂಪಿಯರ್ (ಫೆಮ್ಟೊ ಎಂದರೆ ಪಿಕೊದ ಸಾವಿರದಲ್ಲಿ ಒಂದು ಪಾಲು). ಇದರ ನಾಯ್ಸ್, ಅಂದರೆ ಸಿಗ್ನಲ್ಲಿಗೆ ಬೆರೆಯುವ ಗೊತ್ತುಗುರಿಯಿಲ್ಲದ ಅಲುಗಾಟ, ರೂಟ್ ಹರ್ಟ್ಸಿಗೆ (ನಾಯ್ಸ್ ಅಳೆಯುವ ಮಾನ) 83 ನ್ಯಾನೊವೋಲ್ಟ್ ಎಂದು ಕೆಲವರು ಮೂಗು ಮುರಿಯುತ್ತಾರೆ. 100 ಮೆಗಾಓಮ್‌ನ ಎಲೆಕ್ಟ್ರೋಡ್ ತನ್ನ ಶಾಖದಿಂದಲೇ ರೂಟ್ ಹರ್ಟ್ಸಿಗೆ 1,300 ನ್ಯಾನೊವೋಲ್ಟ್ ನಾಯ್ಸ್ ಮಾಡುತ್ತಿರುವಾಗ 83 ಯಾವ ಲೆಕ್ಕ? ಈ ಜಾಗದಲ್ಲಿ ಕಡಿಮೆ ವಿದ್ಯುತ್ತು ಪುಕ್ಕಟೆ ಸಿಗುತ್ತದೆ, ಅದಕ್ಕಾಗಿ ಏನನ್ನೂ ಬಿಟ್ಟುಕೊಡಬೇಕಿಲ್ಲ.

ಎಲ್ಲ ಕಡೆ ಹೀಗಿರುವುದಿಲ್ಲ. ಬೈಪೋಲಾರ್ ಚಿಪ್‌ನಲ್ಲಿ (741, ಎಲ್‌ಎಂ358ರಂಥ, ಇನ್‌ಪುಟ್ ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿಗೆ ಕರೆಂಟ್ ಬೇಕಾದ ಬಗೆ) ವೋಲ್ಟೇಜ್ ನಾಯ್ಸ್ ತಗ್ಗಿಸಬೇಕೆಂದರೆ ಮೊದಲ ಟ್ರಾನ್ಸಿಸ್ಟರ್ ಜೋಡಿಗೆ ಹೆಚ್ಚು ಕರೆಂಟ್ ಹರಿಸಬೇಕು; ಹರಿಸಿದರೆ ಬೇಸ್ ಕರೆಂಟ್ ಏರುತ್ತದೆ, ಅದರ ಜೊತೆ ಕರೆಂಟ್ ನಾಯ್ಸ್ ಕೂಡ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಆದ್ದರಿಂದ ಚಿಪ್ ಆರಿಸುವ ಮೊದಲು ನೋಡಬೇಕಾದದ್ದು ಸೆನ್ಸರಿನ ರೋಧ. ಡೇಟಾಶೀಟಿನ (ತಯಾರಕರು ಕೊಡುವ ಮಾಹಿತಿಪತ್ರ) ವೋಲ್ಟೇಜ್ ನಾಯ್ಸನ್ನು ಕರೆಂಟ್ ನಾಯ್ಸಿನಿಂದ ಭಾಗಿಸಿದರೆ ಆ ಚಿಪ್‌ಗೆ ಒಗ್ಗುವ ರೋಧ ಸಿಗುತ್ತದೆ. ಒಪಿ27 ಎಂಬ ಬೈಪೋಲಾರ್ ಚಿಪ್‌ಗೆ 3 ನ್ಯಾನೊವೋಲ್ಟನ್ನು 0.4 ಪಿಕೊಆಂಪಿಯರ್‌ನಿಂದ ಭಾಗಿಸಿ: 7.5 ಕಿಲೊಓಮ್. ಒಪಿ97ಕ್ಕೆ 14 ನ್ಯಾನೊವೋಲ್ಟ್, 20 ಫೆಮ್ಟೊಆಂಪಿಯರ್: 700 ಕಿಲೊಓಮ್. ಸೆನ್ಸರಿನ ರೋಧ ಆ ಬೆಲೆಗಿಂತ ಬಹಳ ಕೆಳಗಿದ್ದರೆ ಕರೆಂಟ್ ನಾಯ್ಸ್ ಕಾಡುವುದಿಲ್ಲ, ಹಾಗಾಗಿ ತೂಕ ಅಳೆಯುವ 350 ಓಮ್‌ನ ಲೋಡ್ ಸೆಲ್‌ಗೆ ಒಪಿ27 ಹೇಳಿ ಮಾಡಿಸಿದ್ದು. ಅದರ 10 ನ್ಯಾನೊಆಂಪಿಯರ್ ಬಯಾಸ್ 350 ಓಮ್‌ನಲ್ಲಿ ಮಾಡುವ ತಪ್ಪು ಮೂರೂವರೆ ಮೈಕ್ರೊವೋಲ್ಟ್ ಮಾತ್ರ, ಬಹುಪಾಲು ಸ್ಥಿರವಾಗಿ ನಿಲ್ಲುತ್ತದೆ. ಬ್ಯಾಟರಿಯಲ್ಲಿ ಅದರ 3 ಮಿಲಿಆಂಪಿಯರ್ ಭಾರವಾದರೆ ಅಳೆಯುವ ಹೊತ್ತಿಗೆ ಮಾತ್ರ ಆನ್ ಮಾಡಿದರಾಯಿತು. ಅದೇ ಒಪಿ27 ಅನ್ನು 1 ಮೆಗಾಓಮ್ ಸೆನ್ಸರಿಗೆ ಹಾಕಿದರೆ ಕರೆಂಟ್ ನಾಯ್ಸ್ ಒಂದೇ 400 ನ್ಯಾನೊವೋಲ್ಟ್ ಆಗುತ್ತದೆ, ರೆಸಿಸ್ಟರಿನ ಸ್ವಂತ ನಾಯ್ಸಾದ 128ರ ಮೂರು ಪಟ್ಟು. ‘ಲೋ ನಾಯ್ಸ್’ ಎಂದು ಹಣ ಕೊಟ್ಟು ತಂದ ಚಿಪ್ ಅಲ್ಲಿ ಗದ್ದಲದ ಚಿಪ್.

ಒಪಿ27ರ ಡೇಟಾಶೀಟಿನಲ್ಲಿ ಇನ್ನೊಂದು ಸಂಗತಿ ಅಡಗಿದೆ. 10 ನ್ಯಾನೊಆಂಪಿಯರ್ ಹರಿಯುವ ಕಡೆ ಶಾಟ್ ನಾಯ್ಸ್ (ಕರೆಂಟ್ ಬಿಡಿ ಎಲೆಕ್ಟ್ರಾನ್‌ಗಳಾಗಿ ಹರಿಯುವುದರಿಂದ ಹುಟ್ಟುವ ನಾಯ್ಸ್) ಲೆಕ್ಕ ಹಾಕಿದರೆ 0.057 ಪಿಕೊಆಂಪಿಯರ್ ಬರಬೇಕು. ಬರೆದಿರುವುದು 0.4, ಏಳು ಪಟ್ಟು. ಹಿಂದಕ್ಕೆ ಲೆಕ್ಕ ಮಾಡಿದರೆ ಅದು ಸುಮಾರು ಅರ್ಧ ಮೈಕ್ರೊಆಂಪಿಯರ್‌ನ ನಾಯ್ಸ್. ಒಳಗೆ ಬೇಸ್ ಕರೆಂಟ್ ನಿಜಕ್ಕೂ ನೂರಾರು ನ್ಯಾನೊಆಂಪಿಯರ್ ಇದೆ. ಅದನ್ನು ಚಿಪ್‌ನೊಳಗಿನದೇ ಇನ್ನೊಂದು ಕರೆಂಟ್ ತುಂಬಿಕೊಡುತ್ತದೆ, ಪಿನ್ನಿನಲ್ಲಿ ನಮಗೆ ಕಾಣುವುದು ಉಳಿದ ಚಿಲ್ಲರೆ. ಕರೆಂಟು ಕರೆಂಟನ್ನು ಕಳೆಯುತ್ತದೆ, ಎರಡರ ನಾಯ್ಸ್ ಮಾತ್ರ ಕೂಡಿಕೊಳ್ಳುತ್ತದೆ. ಬಯಾಸ್ ಕಡಿಮೆ ಎಂದ ಮಾತ್ರಕ್ಕೆ ಕರೆಂಟ್ ನಾಯ್ಸ್ ಕಡಿಮೆ ಎಂದು ತಿಳಿಯಬಾರದು. ಒಪಿ97ರ ಹಾದಿ ಬೇರೆ. ಬಹಳ ಹೆಚ್ಚು ಬೀಟಾ (ಬೇಸ್ ಕರೆಂಟನ್ನು ಹಿಗ್ಗಿಸುವ ಪಟ್ಟು) ಇರುವ ಟ್ರಾನ್ಸಿಸ್ಟರ್‌ಗಳಿಂದ ಅದು ಬೇಸ್ ಕರೆಂಟನ್ನೇ ಮೊದಲು ಕಿರಿದು ಮಾಡಿಕೊಂಡಿದೆ, ಆದ್ದರಿಂದ ಅದರಲ್ಲಿ ಎರಡೂ ಕಡಿಮೆ.

ಈಗ ಆರಂಭದಲ್ಲಿ ಹೇಳಿದ 741ರ ಕಾಲದ ಸೂತ್ರದ ವಿಷಯ. ಇನ್ವರ್ಟಿಂಗ್ ಆಂಪ್ಲಿಫೈಯರಿನ (ಸಿಗ್ನಲ್ಲನ್ನು ಮೈನಸ್ ಪಿನ್ನಿಗೆ ಕೊಟ್ಟು ಹಿಗ್ಗಿಸುವ ಸರ್ಕ್ಯೂಟ್) ಪ್ಲಸ್ ಪಿನ್ನನ್ನು ನೇರ ಗ್ರೌಂಡಿಗೆ ಕೊಡದೆ, ಇನ್‌ಪುಟ್ ಮತ್ತು ಫೀಡ್‌ಬ್ಯಾಕ್ (ಔಟ್‌ಪುಟ್ಟಿನಿಂದ ಮೈನಸ್ ಪಿನ್ನಿಗೆ ಮರಳುವ) ರೆಸಿಸ್ಟರ್‌ಗಳ ಪ್ಯಾರಲಲ್ ಬೆಲೆಯ ಒಂದು ರೆಸಿಸ್ಟರ್ ಮೂಲಕ ಕೊಡಬೇಕು ಎಂದು ಪಠ್ಯಪುಸ್ತಕ ಹೇಳುತ್ತದೆ. 1968ರಲ್ಲಿ ಬಂದ 741ಕ್ಕೆ ಅದು ಸರಿಯಾದ ಮಾತು. ಅದರ ಬಯಾಸ್ 80 ನ್ಯಾನೊಆಂಪಿಯರ್, ಎರಡು ಪಿನ್‌ಗಳ ನಡುವಿನ ವ್ಯತ್ಯಾಸ 20. 10 ಕಿಲೊಓಮ್, 100 ಕಿಲೊಓಮ್ ಹಾಕಿದ ಹತ್ತು ಪಟ್ಟಿನ ಆಂಪ್ಲಿಫೈಯರಿನಲ್ಲಿ ಈ ರೆಸಿಸ್ಟರ್ ಇಲ್ಲದೆ ಔಟ್‌ಪುಟ್ ತಪ್ಪು 8 ಮಿಲಿವೋಲ್ಟ್. 9.1 ಕಿಲೊಓಮ್ ಹಾಕಿದರೆ 2 ಮಿಲಿವೋಲ್ಟ್. ಎರಡೂ ಪಿನ್‌ಗಳ ಕರೆಂಟು ಒಂದೇ ದಿಕ್ಕಿನದು, ಹೆಚ್ಚುಕಡಿಮೆ ಒಂದೇ ಅಳತೆಯದು. ಹಾಗಾಗಿ ಒಂದು ಇನ್ನೊಂದನ್ನು ಕಳೆಯುತ್ತದೆ.

ಒಪಿ27ರಲ್ಲಿ ಪಿನ್ನಿನ ಬಳಿ ಉಳಿದದ್ದು ಚಿಲ್ಲರೆ ಎಂದೆವಲ್ಲ, ಆ ಚಿಲ್ಲರೆ ಎರಡು ಪಿನ್‌ಗಳಲ್ಲಿ ಒಂದೇ ಆಗಿರಬೇಕೆಂಬ ನಿಯಮವಿಲ್ಲ, ದಿಕ್ಕೂ ಗೊತ್ತಿಲ್ಲ. ಬಯಾಸ್ 10, ವ್ಯತ್ಯಾಸ 7. ರೆಸಿಸ್ಟರ್ ಹಾಕಿ ಗಳಿಸುವುದು ಅಷ್ಟರಲ್ಲೇ ಇದೆ. ಒಪಿಎ333ರಂಥ ಚಾಪರ್ ಚಿಪ್‌ಗಳಲ್ಲಿ (ಒಳಗಿನ ಸ್ವಿಚ್‌ಗಳಿಂದ ತಮ್ಮ ವೋಲ್ಟೇಜ್ ತಪ್ಪನ್ನು ತಾವೇ ತಿದ್ದಿಕೊಳ್ಳುವ ಬಗೆ) ಪರಿಸ್ಥಿತಿ ತಲೆಕೆಳಗು. ಅಲ್ಲಿ ಬಯಾಸ್ ಹುಟ್ಟುವುದು ಒಳಗಿನ ಸ್ವಿಚ್‌ಗಳು ತೆರೆದು ಮುಚ್ಚುವಾಗ ಸೋರುವ ಚಾರ್ಜಿನಿಂದ. ಬಯಾಸ್ 70 ಪಿಕೊಆಂಪಿಯರ್, ವ್ಯತ್ಯಾಸ 140 ಎಂದು ಡೇಟಾಶೀಟೇ ಹೇಳುತ್ತದೆ: ಎರಡು ಪಿನ್‌ಗಳಲ್ಲಿ ಕರೆಂಟು ವಿರುದ್ಧ ದಿಕ್ಕಿಗೆ ಹರಿದರೆ ಮಾತ್ರ ವ್ಯತ್ಯಾಸ ಇಮ್ಮಡಿಯಾದೀತು. 100 ಕಿಲೊಓಮ್, 1 ಮೆಗಾಓಮ್ ಇರುವ ಸರ್ಕ್ಯೂಟಿನಲ್ಲಿ ರೆಸಿಸ್ಟರ್ ಇಲ್ಲದಿದ್ದರೆ ಬಯಾಸ್‌ನ ತಪ್ಪು 70 ಮೈಕ್ರೊವೋಲ್ಟ್, 91 ಕಿಲೊಓಮ್ ‘ಸರಿದೂಗಿಸುವ’ ರೆಸಿಸ್ಟರ್ ಹಾಕಿದರೆ 140. ಜೊತೆಗೆ ಆ ರೆಸಿಸ್ಟರ್ ತನ್ನ 39 ನ್ಯಾನೊವೋಲ್ಟ್ ನಾಯ್ಸನ್ನು ಪ್ಲಸ್ ಪಿನ್ನಿಗೆ ಸೇರಿಸಿ, ಇನ್‌ಪುಟ್ಟಿನ ಒಟ್ಟು ನಾಯ್ಸನ್ನು 67ರಿಂದ 78ಕ್ಕೆ ಏರಿಸುತ್ತದೆ. ಜೆಫೆಟ್, ಸಿಮಾಸ್ ಚಿಪ್‌ಗಳಲ್ಲೂ ಅದರಿಂದ ಲಾಭವಿಲ್ಲ, ನಾಯ್ಸ್ ಮಾತ್ರ ಗ್ಯಾರಂಟಿ. 741, ಎಲ್‌ಎಂ358ರಂಥ ಸಾದಾ ಬೈಪೋಲಾರ್ ಚಿಪ್‌ಗಳಿಗೆ ಹಾಕಲೇಬೇಕಿದ್ದರೆ ರೆಸಿಸ್ಟರಿಗೆ ಪ್ಯಾರಲಲ್ ಆಗಿ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೂರಿಸಬೇಕು, 9.1 ಕಿಲೊಓಮ್‌ನೊಂದಿಗೆ ಅದು ಸುಮಾರು 175 ಹರ್ಟ್ಸಿನಿಂದ ಮೇಲಿನ ನಾಯ್ಸನ್ನು ಗ್ರೌಂಡಿಗೆ ಇಳಿಸುತ್ತದೆ. ಗುರುತು ಸುಲಭ. ಡೇಟಾಶೀಟಿನಲ್ಲಿ ಆಫ್‌ಸೆಟ್ ಕರೆಂಟ್ (ಎರಡು ಪಿನ್‌ಗಳ ನಡುವಿನ ವ್ಯತ್ಯಾಸ) ಬಯಾಸ್ ಕರೆಂಟಿಗಿಂತ ನಾಲ್ಕೈದು ಪಟ್ಟು ಕಡಿಮೆ ಇದ್ದರೆ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಬೇಡ. ರೈಲ್-ಟು-ರೈಲ್ ಇನ್‌ಪುಟ್ (ಸಪ್ಲೈನ ಎರಡೂ ಅಂಚುಗಳವರೆಗೆ ಸಿಗ್ನಲ್ ಒಪ್ಪುವುದು) ಇರುವ ಬೈಪೋಲಾರ್ ಚಿಪ್‌ಗಳಲ್ಲಿ ಸಿಗ್ನಲ್ ಮೇಲಿನ ರೈಲ್ ಸಮೀಪಿಸಿದಾಗ ಒಳಗೆ ಟ್ರಾನ್ಸಿಸ್ಟರ್ ಜೋಡಿ ಬದಲಾಗಿ ಬಯಾಸ್ ದಿಕ್ಕೇ ತಿರುಗುತ್ತದೆ, ಅದನ್ನು ಯಾವ ಸ್ಥಿರ ರೆಸಿಸ್ಟರೂ ಸರಿದೂಗಿಸದು.

ವಿದ್ಯುತ್ತು ಉಳಿಸುವ ಹುಮ್ಮಸ್ಸಿನಲ್ಲಿ ಫೀಡ್‌ಬ್ಯಾಕಿಗೆ ಮೆಗಾಓಮ್ ಹಾಕುವ ಚಾಳಿಯೂ ಇದೆ. ಎಲ್‌ಎಂ358ಕ್ಕೆ 1 ಮೆಗಾಓಮ್, 10 ಕಿಲೊಓಮ್ ಹಾಕಿ ನೂರು ಪಟ್ಟು ಹಿಗ್ಗಿಸಿದರೆ ಬಯಾಸ್ ಒಂದರಿಂದಲೇ ಔಟ್‌ಪುಟ್ 45 ಮಿಲಿವೋಲ್ಟ್ ಸರಿಯುತ್ತದೆ. 100 ಕಿಲೊಓಮ್, 1 ಕಿಲೊಓಮ್ ಹಾಕಿದರೆ ಅದು ನಾಲ್ಕೂವರೆ ಮಿಲಿವೋಲ್ಟಿಗೆ ಇಳಿಯುತ್ತದೆ. ಒಂದು ವೋಲ್ಟ್ ಔಟ್‌ಪುಟ್ಟಿಗೆ ತೆರುವುದು ಬರೀ 10 ಮೈಕ್ರೊಆಂಪಿಯರ್. ಅಷ್ಟನ್ನು ಉಳಿಸಬೇಕಿದ್ದರೆ ಎಲ್‌ಇಡಿ ತೆಗೆಯುವುದು ಒಳ್ಳೆಯದು.

ಪಿಕೊಆಂಪಿಯರ್ ಚಿಪ್ ತಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಲ್ಲಿಂದ ಮುಂದೆ ಕರೆಂಟು ಬರುವುದು ಬೋರ್ಡಿನಿಂದ. ಮಳೆಗಾಲದ ಮಂಗಳೂರಿನಲ್ಲೋ ಕಾರವಾರದಲ್ಲೋ ಫ್ಲಕ್ಸ್ (ಬೆಸೆಯುವಾಗ ಬಳಸುವ ಅಂಟುಪದಾರ್ಥ) ಅಂಟಿದ ಪಿಸಿಬಿಯ, ಅಂದರೆ ಚಿಪ್ ಕೂರಿಸುವ ಬೋರ್ಡಿನ, ಎರಡು ಪಟ್ಟಿಗಳ ನಡುವೆ 10 ಗಿಗಾಓಮ್ ಉಳಿದಿದ್ದರೆ ಅದೇ ಪುಣ್ಯ. ಆ ಹತ್ತು ಗಿಗಾಓಮ್ 5 ವೋಲ್ಟಿನಲ್ಲಿ 500 ಪಿಕೊಆಂಪಿಯರ್ ಹರಿಸುತ್ತದೆ. 10 ಫೆಮ್ಟೊಆಂಪಿಯರ್‌ನ ಎಲ್‌ಎಂಸಿ6062 ಅಲ್ಲಿ ಏನು ಮಾಡೀತು? ಎಂಟು ಕಾಲಿನ ಆಪ್ ಆಂಪ್‌ಗಳಲ್ಲಿ 3ನೇ ಪಿನ್ ಪ್ಲಸ್ ಇನ್‌ಪುಟ್, ಅದರ ಪಕ್ಕದ 4ನೇ ಪಿನ್ ನೆಗೆಟಿವ್ ಸಪ್ಲೈ. ಸೋರಿಕೆಗೆ ಇದಕ್ಕಿಂತ ಒಳ್ಳೆಯ ನೆರೆಮನೆ ಬೇರೆಯಿಲ್ಲ.

ಗಾರ್ಡ್ ರಿಂಗ್ ಹಾಕುವುದು ಇದಕ್ಕೇ. ಇನ್‌ಪುಟ್ ಪಿನ್, ಅದರ ತಂತಿ, ಕನೆಕ್ಟರಿನ ನಡುಕಾಲು ಇಷ್ಟನ್ನೂ ಸುತ್ತುವರಿಯುವ ತಾಮ್ರದ ಪಟ್ಟಿ ಎಳೆದು, ಇನ್‌ಪುಟ್ಟಿನಷ್ಟೇ ವೋಲ್ಟೇಜ್ ಇರುವ ಕಡೆಗೆ ಅದನ್ನು ಜೋಡಿಸಬೇಕು. ಬಫರ್ ಸರ್ಕ್ಯೂಟಿನಲ್ಲಿ (ಸಿಗ್ನಲ್ಲನ್ನು ಹಿಗ್ಗಿಸದೆ ಇದ್ದಂತೆಯೇ ದಾಟಿಸುವುದು) ಔಟ್‌ಪುಟ್ಟಿಗೆ, ಪ್ಲಸ್ ಪಿನ್ನಿಗೆ ಸಿಗ್ನಲ್ ಕೊಟ್ಟು ಹಿಗ್ಗಿಸುವಾಗ ಮೈನಸ್ ಪಿನ್ನಿಗೆ, ಇನ್ವರ್ಟಿಂಗ್ ಸರ್ಕ್ಯೂಟಿನಲ್ಲಿ ಗ್ರೌಂಡಿಗೆ. ಎರಡೂ ಬದಿ ಒಂದೇ ವೋಲ್ಟೇಜ್ ಇದ್ದರೆ ಕೊಳೆಯಿದ್ದರೂ ಕರೆಂಟ್ ಹರಿಯದು. ಪಟ್ಟಿ ಬೋರ್ಡಿನ ಎರಡೂ ಮುಖಗಳಲ್ಲಿರಬೇಕು, ಅದರ ಮೇಲೆ ಹಸಿರು ಸೋಲ್ಡರ್ ಮಾಸ್ಕ್ ಇರಬಾರದು. ಮಾಸ್ಕ್ ಇದ್ದರೆ ಅದರ ಮೇಲಿನ ತೇವದಲ್ಲಿ ಕರೆಂಟು ಪಟ್ಟಿಯನ್ನು ದಾಟಿಕೊಂಡು ಹೋಗುತ್ತದೆ. ಒಂದೇ ಬೋರ್ಡ್ ಮಾಡುವವರಿಗೆ ಇನ್ನೂ ಸುಲಭದ ಉಪಾಯ: 3ನೇ ಪಿನ್ನನ್ನು ಮೇಲಕ್ಕೆ ಬಗ್ಗಿಸಿ, ಬೋರ್ಡ್ ಮುಟ್ಟದಂತೆ ಗಾಳಿಯಲ್ಲೇ ಎಲೆಕ್ಟ್ರೋಡ್ ಸಿಕ್ಕಿಸುವ ಬಿಎನ್‌ಸಿ ಕನೆಕ್ಟರಿನ ನಡುಕಾಲಿಗೆ ಬೆಸೆಯಿರಿ. ಗಾಳಿಗಿಂತ ಅಗ್ಗದ, ಒಳ್ಳೆಯ ಇನ್ಸುಲೇಟರ್ ಸಿಗುವುದಿಲ್ಲ. ಬ್ರೆಡ್‌ಬೋರ್ಡಿನ ಮೇಲೆ ಪಿಕೊಆಂಪಿಯರ್ ಅಳೆಯುವ ಆಸೆ ಬಿಟ್ಟುಬಿಡಬೇಕು.

ಬೆಸೆದ ಮೇಲೆ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಶ್ ಹಿಡಿದು ತೊಳೆದು, ಹೊಸ ಆಲ್ಕೊಹಾಲಿನಲ್ಲಿ ಮತ್ತೊಮ್ಮೆ ಜಾಲಾಡಿಸಬೇಕು. ಒಂದೇ ಸಲ ತೊಳೆದರೆ ಫ್ಲಕ್ಸ್ ಹೋಗುವುದಿಲ್ಲ, ತೆಳ್ಳಗೆ ಎಲ್ಲ ಕಡೆ ಹರಡುತ್ತದೆ. ‘ನೋ ಕ್ಲೀನ್’ ಎಂದು ಬರೆದ ಫ್ಲಕ್ಸಿಗೂ ಇದು ತಪ್ಪದು. ಆ ಹೆಸರು ಇಂಥ ಅಳತೆಗಳಿಗಲ್ಲ. ಬಳಿಕ 60-70 ಡಿಗ್ರಿಯಲ್ಲಿ ಚೆನ್ನಾಗಿ ಒಣಗಿಸಿ. ರಕ್ಷಣೆಯ ಲೇಪ ಬಳಿಯುವುದಿದ್ದರೆ ಒಣಗಿದ ಮೇಲೆಯೇ, ಇಲ್ಲದಿದ್ದರೆ ತೇವ ಒಳಗೇ ಬೀಗ ಹಾಕಿಕೊಂಡು ಕೂರುತ್ತದೆ. ಆಮೇಲೆ ಆ ಭಾಗವನ್ನು ಬೆರಳಿನಿಂದ ಮುಟ್ಟಕೂಡದು.

ಇನ್‌ಪುಟ್ಟಿನ ರಕ್ಷಣೆಗೆ 1ಎನ್4148 ಡಯೋಡ್ ಹಾಕುವ ಅಭ್ಯಾಸವನ್ನೂ ಇಲ್ಲಿ ಬಿಡಬೇಕು. 20 ವೋಲ್ಟ್ ರಿವರ್ಸಿನಲ್ಲಿ ಅದು 25 ನ್ಯಾನೊಆಂಪಿಯರ್‌ವರೆಗೆ ಸೋರಬಹುದೆಂದು ಡೇಟಾಶೀಟ್ ಒಪ್ಪಿಕೊಳ್ಳುತ್ತದೆ. ಕಡಿಮೆ ವೋಲ್ಟೇಜಿನಲ್ಲಿ 1 ನ್ಯಾನೊಆಂಪಿಯರ್ ಸೋರಿದರೂ 100 ಮೆಗಾಓಮ್‌ನಲ್ಲಿ 100 ಮಿಲಿವೋಲ್ಟ್. ಮೇಲಾಗಿ ಅದರ ಗಾಜಿನ ಮೈ ಬೆಳಕನ್ನು ಒಳಗೆ ಬಿಡುತ್ತದೆ, ಟ್ಯೂಬ್‌ಲೈಟಿನ ಕೆಳಗೆ 100 ಹರ್ಟ್ಸಿನ ಗುಂಯ್‌ಗುಡುವಿಕೆ ಸಿಗ್ನಲ್ಲಿಗೆ ಸೇರಿಬಿಡುತ್ತದೆ. ಡಯೋಡ್ ಬೇಕೇ ಬೇಕೆಂದರೆ ಬಿಎವಿ199. ಸಾಮಾನ್ಯವಾಗಿ ಅದರ ಸೋರಿಕೆ ಕೆಲವೇ ಪಿಕೊಆಂಪಿಯರ್. ಪಿಎಚ್ ಮೀಟರಿಗೆ ಅದೂ ಬೇಡ, ಪಿನ್ನಿಗೆ ಸರಣಿಯಲ್ಲಿ 100 ಕಿಲೊಓಮ್ ಹಾಕಿದರೆ ಚಿಪ್‌ನೊಳಗಿನ ಡಯೋಡ್‌ಗಳೇ ಸಾಮಾನ್ಯ ಪೆಟ್ಟನ್ನು ತಾಳಿಕೊಳ್ಳುತ್ತವೆ. ಇನ್‌ಪುಟ್ಟಿನಿಂದ ಸರ್ಕ್ಯೂಟಿನ ನಡುವೋಲ್ಟೇಜಿಗೆ 1000 ಪಿಕೊಫ್ಯಾರಡ್‌ನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಇಟ್ಟರೆ ಎಲೆಕ್ಟ್ರೋಡಿನ ರೋಧದೊಂದಿಗೆ ಸೇರಿ 1.6 ಹರ್ಟ್ಸಿನ ಮೇಲಿನದನ್ನೆಲ್ಲ ತಗ್ಗಿಸುತ್ತದೆ, 50 ಹರ್ಟ್ಸಿನ ಕಾಟವೂ ಇಳಿಯುತ್ತದೆ. ಕೆಪಾಸಿಟರಿನಿಂದ ಸಿಗ್ನಲ್ ದಾಟಿಸುವ ಸರ್ಕ್ಯೂಟುಗಳಲ್ಲಿ ಎಲೆಕ್ಟ್ರೊಲಿಟಿಕ್ ಬಳಸಿ ಬಯಾಸ್ ಕರೆಂಟನ್ನು ದೂರುವವರಿದ್ದಾರೆ. 10 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್‌ಗೆ 3 ಮೈಕ್ರೊಆಂಪಿಯರ್ ಸೋರಲು ತಯಾರಕರೇ ಅನುಮತಿ ಕೊಟ್ಟಿರುತ್ತಾರೆ, ಪಾಪ ಆಪ್ ಆಂಪ್ ಏನು ಮಾಡೀತು.

ಇಸಿಜಿ ಬೋರ್ಡುಗಳ ಕಾಯಿಲೆ ಬೇರೆ. ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವ ಎಡಿ620 ಚಿಪ್‌ನ ಎರಡೂ ಇನ್‌ಪುಟ್ಟಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಗ್ರೌಂಡಿಗೆ ರೆಸಿಸ್ಟರ್ ಹಾಕುವುದನ್ನು ಮರೆಯುತ್ತಾರೆ. ಬಯಾಸ್ ಕರೆಂಟಿಗೆ ಹೋಗಲು ದಾರಿಯೇ ಇಲ್ಲ, ಅದು ಕೆಪಾಸಿಟರನ್ನು ತುಂಬುತ್ತ ಕೂರುತ್ತದೆ. 0.5 ನ್ಯಾನೊಆಂಪಿಯರ್ ಎಂದರೆ ಸೆಕೆಂಡಿಗೆ 5 ಮಿಲಿವೋಲ್ಟ್. ಎರಡು ಇನ್‌ಪುಟ್‌ಗಳ ನಡುವೆ 0.3 ನ್ಯಾನೊಆಂಪಿಯರ್ ವ್ಯತ್ಯಾಸವಿದ್ದರೆ ಸೆಕೆಂಡಿಗೆ 3 ಮಿಲಿವೋಲ್ಟ್. ನೂರು ಪಟ್ಟು ಹಿಗ್ಗಿದಾಗ ಔಟ್‌ಪುಟ್ ಹತ್ತು ಹದಿನೈದು ಸೆಕೆಂಡಿನಲ್ಲಿ ಅಂಚಿಗೆ ಹೋಗಿ ನಿಲ್ಲುತ್ತದೆ. ಹತ್ತೇ ಪಟ್ಟಾದರೆ ಎರಡು ಮೂರು ನಿಮಿಷ ಚೆನ್ನಾಗಿ ನಡೆದು ಆಮೇಲೆ ನಿಲ್ಲುತ್ತದೆ, ಆಫ್ ಮಾಡಿ ಕೊಂಚ ಹೊತ್ತಿನ ಮೇಲೆ ಹಚ್ಚಿದರೆ ಮತ್ತೆ ನಡೆಯುತ್ತದೆ. ಇದನ್ನು ‘ಲೂಸ್ ಕನೆಕ್ಷನ್’ ಎಂದು ಹುಡುಕಿ ದಿನಗಳೇ ಹಾಳಾಗುತ್ತವೆ. ಎರಡೂ ಇನ್‌ಪುಟ್‌ನಿಂದ ಗ್ರೌಂಡಿಗೆ ಒಂದೇ ಬೆಲೆಯ 1 ಮೆಗಾಓಮ್ ರೆಸಿಸ್ಟರ್ ಹಾಕಿದರೆ ನೂರು ಪಟ್ಟು ಹಿಗ್ಗಿದಾಗಲೂ ಔಟ್‌ಪುಟ್ ತಪ್ಪು 30 ಮಿಲಿವೋಲ್ಟಿಗೆ ನಿಲ್ಲುತ್ತದೆ. ಗ್ರೌಂಡಿಗೆ ತಾಗದೆ ತೇಲುವ ಥರ್ಮೊಕಪಲ್‌ಗೂ (ಉಷ್ಣಾಂಶ ಅಳೆಯುವ ತಂತಿ ಜೋಡಿ) ಇದೇ ಮದ್ದು, ಒಂದು ತುದಿಯನ್ನು ಗ್ರೌಂಡಿಗೆ 100 ಕಿಲೊಓಮ್ ಮೂಲಕ ಕಟ್ಟಿದರೆ ಸಾಕು. ಮೈಗೆ ತಾಗುವ ಬೋರ್ಡನ್ನು ಬ್ಯಾಟರಿಯಲ್ಲಲ್ಲದೆ ಗೋಡೆಯ ಅಡಾಪ್ಟರಿನಲ್ಲಿ ನಡೆಸಲೇಬಾರದು, ಅದರ ಜೊತೆ ಚಾರ್ಜರಿಗೆ ಸಿಕ್ಕಿಸಿದ ಲ್ಯಾಪ್‌ಟಾಪನ್ನೂ ಜೋಡಿಸಬಾರದು.

ಬಯಾಸ್ ಕರೆಂಟನ್ನು ಅಳೆಯಲು ದುಬಾರಿ ಉಪಕರಣ ಬೇಡ. ಚಿಪ್ಪನ್ನು ಬಫರ್ ಮಾಡಿ, ಪ್ಲಸ್ ಪಿನ್ನಿನಿಂದ ಗ್ರೌಂಡಿಗೆ 10 ಮೆಗಾಓಮ್ ಹಾಕಿ, ಅದರ ಎರಡು ತುದಿಗಳನ್ನು ಕೂಡಿಸುವ ಜಂಪರ್ (ಹಾಕಿ ತೆಗೆಯಬಹುದಾದ ತಂತಿ) ಇಡಿ. ಜಂಪರ್ ಇದ್ದಾಗ, ತೆಗೆದಾಗ ಔಟ್‌ಪುಟ್ ಅಳೆದು ವ್ಯತ್ಯಾಸವನ್ನು 10 ಮೆಗಾಓಮ್‌ನಿಂದ ಭಾಗಿಸಿದರೆ ಆಫ್‌ಸೆಟ್ ವೋಲ್ಟೇಜ್ ಕಳೆದುಹೋಗಿ ಕರೆಂಟ್ ಉಳಿಯುತ್ತದೆ. 741ರಲ್ಲಿ ಸುಮಾರು 0.8 ವೋಲ್ಟ್ ಕಾಣಬೇಕು, ಟಿಎಲ್072ರಲ್ಲಿ 0.65 ಮಿಲಿವೋಲ್ಟ್. ಟಿಎಲ್072 ಎಂದು ಬರೆದ ಚಿಪ್ ನೂರಾರು ಮಿಲಿವೋಲ್ಟ್ ತೋರಿಸಿದರೆ ಒಳಗಿರುವುದು ಬೇರೆ ಚಿಪ್. ಹೆಸರು ಅಳಿಸಿ ಬರೆದ ಮಾಲು ಪೇಟೆಯಲ್ಲಿ ಬೇಕಾದಷ್ಟಿದೆ. ಮಲ್ಟಿಮೀಟರಿನ ಕಡ್ಡಿಯನ್ನು ಔಟ್‌ಪುಟ್ಟಿಗೆ ಮಾತ್ರ ಮುಟ್ಟಿಸಿ, ಅದರ ಒಳರೋಧವೇ 10 ಮೆಗಾಓಮ್. ಸಿಮಾಸ್ ಚಿಪ್‌ಗೆ ರೆಸಿಸ್ಟರಿನ ಬದಲು 1000 ಪಿಕೊಫ್ಯಾರಡ್ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ, ಜಂಪರ್ ತೆಗೆದು, ಔಟ್‌ಪುಟ್ ಒಂದು ನಿಮಿಷದಲ್ಲಿ ಎಷ್ಟು ಸರಿಯಿತೆಂದು ನೋಡಿ: 1 ಪಿಕೊಆಂಪಿಯರ್‌ಗೆ ಸೆಕೆಂಡಿಗೆ 1 ಮಿಲಿವೋಲ್ಟ್. ಸರಿಯುವಾಗ ಬೋರ್ಡಿನ ಮೇಲೆ ಬಾಯಿಂದ ಒಮ್ಮೆ ಹಾ ಎಂದು ಉಸಿರು ಬಿಡಿ. ವೇಗ ಥಟ್ಟನೆ ಬದಲಾಗಿ ಕೆಲವು ಕ್ಷಣಗಳಲ್ಲಿ ಹಿಂದಿನಂತಾದರೆ ಸೋರಿಕೆ ಬೋರ್ಡಿನದು. ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿದಾಗ ಸಮವಾಗಿ ಏರುತ್ತ ಹೋದರೆ ಚಿಪ್‌ನದು.

ಅನಲಾಗ್ ಲ್ಯಾಬ್‌ನ ಪಟ್ಟಿಯಲ್ಲಿ 741ರ ಹತ್ತು ಪ್ರಯೋಗಗಳಿರುವ ಕಡೆ ಇದೊಂದನ್ನು ಸೇರಿಸಬೇಕೆಂದು ವಿಶ್ವವಿದ್ಯಾಲಯಗಳ ಪಠ್ಯಕ್ರಮ ಮಂಡಳಿಗಳನ್ನು ಕೇಳಿಕೊಳ್ಳುತ್ತೇವೆ: 741, ಟಿಎಲ್072, ಎಂಸಿಪಿ6002 ಮೂರರ ಬಯಾಸ್ ಅಳೆದು, ಪಕ್ಕದಲ್ಲಿ ಆ ದಿನದ ಉಷ್ಣಾಂಶ ಮತ್ತು ತೇವಾಂಶ ಬರೆಯುವುದು. ಚಿಪ್‌ಗಳ ಖರ್ಚು ಒಂದು ಊಟದ್ದಕ್ಕಿಂತ ಹೆಚ್ಚಾಗದು. ಎಂಸಿಪಿ6002 ಅನ್ನು ನಡೆಸಬೇಕಾದದ್ದು ಒಟ್ಟು 6 ವೋಲ್ಟಿನೊಳಗೆ ಮಾತ್ರ. 741ಕ್ಕೆಂದು ಹೊಂದಿಸಿಟ್ಟ ಪ್ಲಸ್ ಮೈನಸ್ 12ರ ಸಪ್ಲೈಗೆ ಅದನ್ನು ಹಾಗೆಯೇ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ, ಅದಕ್ಕೆ ಬೇರೆಯಾಗಿ 5 ವೋಲ್ಟ್ ಕೊಟ್ಟು ನಡುವಿನ ಎರಡೂವರೆ ವೋಲ್ಟನ್ನು ಗ್ರೌಂಡಾಗಿ ಬಳಸಬೇಕು.

– ಅಳತೆ ಉಪಕರಣಗಳ ವಿನ್ಯಾಸ ಮತ್ತು ದುರಸ್ತಿಯಲ್ಲಿ ತೊಡಗಿರುವ ಇಬ್ಬರು ಎಂಜಿನಿಯರ್‌ಗಳು, ಮೈಸೂರು